ಅಪ್ಪನ ಗಿಳಿಹಸಿರು ಪ್ಲಾನು

ನಮ್ಮ ಅಪ್ಪ ಪಂಚಾಕ್ಷರಪ್ಪನವರು ಹರಿಹರಕ್ಕೆ ಹೋಗಿ ಬಂದಾಗಲೆಲ್ಲ ದಾವಣಗೆರೆಯ ನಮ್ಮ ಮನೆಯಲ್ಲಿ ಏನಾದರೊಂದು ಅನಾಹುತವಾಗುತ್ತಿತ್ತು. ಹರಿಹರದಲ್ಲಿ ನಮ್ಮ ದೊಡ್ಡಪ್ಪನಿದ್ದರು. ಅವರ ಮನೆಯಲ್ಲಿ ಊಟಕ್ಕೆ ಮುಂಚೆ ಬಿಸಿನೀರು ಕುಡಿಯುತ್ತಾರೆಂದು ಒಮ್ಮೆ ನೋಡಿ ಬಂದವರು, ಇಡೀ ಬೇಸಿಗೆ ನಮಗೂ ಬಿಸಿನೀರು ಕುಡಿಸಿದರು. ಇನ್ನೊಮ್ಮೆ ಅಲ್ಲಿ ಮೊಲ ಸಾಕಿದ್ದನ್ನು ಕಂಡು ಬಂದರು. ಆ ಮೊಲದ ವಿಷಯವನ್ನು ಅವ್ವನ ಮುಂದೆ ಇವತ್ತಿಗೂ ಯಾರೂ ಎತ್ತುವುದಿಲ್ಲ.

ಆದ್ದರಿಂದ ಆ ಮಾಘ ಮಾಸದಲ್ಲಿ, ದೊಡ್ಡಪ್ಪ ಕಟ್ಟಿಸಿದ ಹೊಸ ಮನೆ ನೋಡಿಕೊಂಡು ಸಂಜೆಯ ಗಾಡಿಗೆ ಹಿಂತಿರುಗಿದ ಅಪ್ಪ, ಮೆಟ್ಟು ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತು ಪಡಸಾಲೆಯ ಗೋಡೆಗಳನ್ನು ಒಂದೊಂದಾಗಿ ನೋಡತೊಡಗಿದಾಗ, ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ನಿಂತಿತು.

“ಈ ಸಲ ಏನ್ ನೋಡಿ ಬಂದ್ರಿ?” ಎಂದಳು.

ಅಪ್ಪ ನೋಡಿ ಬಂದದ್ದು ಬಣ್ಣ. ದೊಡ್ಡಪ್ಪನ ಪಡಸಾಲೆಗೆ ಗಿಳಿಹಸಿರು ಬಣ್ಣ ಹೊಡೆಸಿದ್ದರಂತೆ. ಒಳಗೆ ಕಾಲಿಟ್ಟರೆ ತೋಟದಲ್ಲಿ ಕೂತಂತೆ ತಂಪು. ನಮ್ಮ ಗೋಡೆಗಳಿಗೆ ದೀಪಾವಳಿಗೊಮ್ಮೆ ಸುಣ್ಣ, ಕೆಳಗೆ ಒಂದು ಮೊಳ ಕೆಮ್ಮಣ್ಣು, ಅಜ್ಜನ ಕಾಲದಿಂದ ಅಷ್ಟೇ. ಹತ್ತಿ ಮಂಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಅದೇ ಸಂಜೆ ಆ ಸುಣ್ಣದ ಗೋಡೆಗಳಲ್ಲಿ ತಮ್ಮ ಇಡೀ ಜೀವನ ಬಿಳಿಚಿಕೊಂಡಿರುವುದು ಕಾಣಿಸಿತು.

ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಈಗ್ಯಾಕೆ ಗೋಡೆ ಮುಟ್ಟುವುದು ಎಂದು ಅವ್ವ ಕೇಳಿದಳು. ಹಬ್ಬ ಬಂತೆಂದು ಬಳಿಯುವುದು ಹಳೇ ಕಾಲ, ಈಗ ಎಲ್ಲಕ್ಕೂ ಪ್ಲಾನ್ ಇರಬೇಕು ಎಂದರು ಅಪ್ಪ.

“ದೇಶಕ್ಕೇ ಐದೈದು ವರ್ಷದ ಪ್ಲಾನ್ ಹಾಕ್ಯಾರೆ. ಒಂದು ಪಡಸಾಲೆಗೆ ಪ್ಲಾನ್ ಹಾಕಿದ್ರೆ ತಪ್ಪಾ?”

“ಅವರಿಗೆ ಐದು ವರ್ಷ ಪುರುಸೊತ್ತು ಐತೆ. ನನಗೆ ನಾಳೆ ಹಿಟ್ಟು ಬೀಸಿಸಬೇಕು” ಎಂದು ಅವ್ವ ರೊಟ್ಟಿಗೆ ತಿರುಗಿದಳು.

ಪ್ಲಾನು ಅಂದೇ ಶುರುವಾಯಿತು. ಅಪ್ಪ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಯ ನಕ್ಷೆ ಬರೆದರು. ಪಡಸಾಲೆಗೆ ಗಿಳಿಹಸಿರು, ದೇವರ ಕೋಣೆಗೆ ಗುಲಾಬಿ, ಅಡುಗೆಮನೆಗೆ ನಿಂಬೆ ಹಳದಿ. ಅಡುಗೆಮನೆ ಎರಡು ದಿನಕ್ಕೆ ಹೊಗೆ ಹಿಡಿಯುತ್ತದೆಂದು ಅವ್ವ ಹೇಳಿದ್ದಕ್ಕೆ, ಅದಕ್ಕೂ ಪ್ಲಾನಿನಲ್ಲಿ ಜಾಗ ಬಿಟ್ಟಿದೆ ಎಂದರು. ಜಾಗ ಎಲ್ಲಿ ಬಿಟ್ಟಿದೆಯೆಂದು ಯಾರಿಗೂ ಕಾಣಲಿಲ್ಲ. ನಾವು ಆ ನಕ್ಷೆಯನ್ನು ತುಳಿಯದ ಹಾಗೆ ಗೋಡೆಗೆ ಬೆನ್ನು ಹಚ್ಚಿಕೊಂಡು ಓಡಾಡಿದೆವು.

ಆ ಹೊತ್ತಿಗೆ ನಮ್ಮ ಮನೆ ನಿಜವಾಗಿ ಕಾಯುತ್ತಿದ್ದದ್ದು ಬೇರೊಂದಕ್ಕೆ. ನಮ್ಮಕ್ಕ ಶಾಂತಕುಮಾರಿ ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದಳು. ಪಕ್ಕದ ಬೀದಿಯಲ್ಲಿ ಒಂದು ಹೆಣ್ಣುಮಕ್ಕಳ ಶಾಲೆ, ಅದರ ಕಮಿಟಿಗೆ ಹಾಲೇಶಪ್ಪನವರು ಅಧ್ಯಕ್ಷರು. ಅವರಿಗೆ ಹೆಣ್ಣು ಟೀಚರುಗಳ ಮದುವೆಯೆಂದರೆ ಮೈ ಉರಿಯುತ್ತಿತ್ತು. ಹಿಂದಿನ ಇಬ್ಬರು ಟೀಚರುಗಳು ವರ್ಷದ ನಡುವೆ ಮದುವೆಯಾಗಿ, ಮಗ್ಗಿಯನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದರು. ಅಕ್ಕನನ್ನು ಕರೆಸಿ, ಶಿವರಾತ್ರಿ ಕಳೆದ ಸೋಮವಾರ ಬಂದು ಸೇರಿಕೋ, ಆದರೆ ಮದುವೆಯ ಸುದ್ದಿ ಬಂದರೆ ಆ ಜಾಗ ಬೇರೆಯವರಿಗೆ ಎಂದು ಹೇಳಿ ಕಳಿಸಿದ್ದರು. ಎರಡು ವರ್ಷ ಮದುವೆಯ ಮಾತು ಎತ್ತುವುದಿಲ್ಲವೆಂದು ಅಕ್ಕ ಅಪ್ಪನಿಂದ ಭಾಷೆ ತೆಗೆದುಕೊಂಡಿದ್ದಳು. ಶಾಲೆಗೆ ಉಡಲು ಒಂದು ನೀಲಿ ಸೀರೆಗೆ ಗಂಜಿ ಹಾಕಿ ಮಡಿಸಿಟ್ಟು, ದಿನವೂ ತೆಗೆದು ನೋಡಿ ಮತ್ತೆ ಮಡಿಸಿಡುತ್ತಿದ್ದಳು.

ಬಣ್ಣ ಹರಿಹರದ್ದೇ ಆಗಬೇಕೆಂದು ಅಪ್ಪನ ಹಟ. ಅಲ್ಲಿ ದ್ರಾಕ್ಷಾಯಣಮ್ಮ ಎಂಬುವರು ಮಗ ನಾಗರಾಜಪ್ಪನ ಜತೆ ಬಣ್ಣದಂಗಡಿ ನಡೆಸುತ್ತಿದ್ದರು. ಅಪ್ಪ ಮಂಡಿಗೆ ರಜೆ ಸಿಕ್ಕಾಗಲೆಲ್ಲ ಗಾಡಿ ಹತ್ತಿ ಹೋಗಿ, ಆ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂತು, ಬಣ್ಣದ ಪುಡಿಯನ್ನು ಅಂಗೈ ಮೇಲೆ ಹಾಕಿಸಿಕೊಂಡು, ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ಕೊಳ್ಳದೆ ಬರುತ್ತಿದ್ದರು. ಮನೆಗೆ ಬಂದಾಗ ಅಂಗೈ ಹಸಿರು. ಅದರಲ್ಲೇ ಊಟ ಮಾಡಲು ಬಂದರೆ ಅವ್ವ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಕಡೆಗೊಮ್ಮೆ ಪುಡಿ ಬಂತು. ಬಣ್ಣ ಹೊಡೆಯಲು ಮೌಲಾ ಸಾಬರು ಬಂದರು. ಮೌಲಾ ಸಾಬರು ಬೀಡಿ ಹಚ್ಚಿ, ಗೋಡೆಯನ್ನು ಬಹಳ ಹೊತ್ತು ನೋಡಿ, ಚಹಾ ಕುಡಿದು, ಮತ್ತೊಮ್ಮೆ ನೋಡಿ, ಹಳೇ ಸುಣ್ಣವನ್ನೆಲ್ಲ ಕೆರೆಯಬೇಕು ಎಂದು ಹೇಳಿ ಹೊರಟುಹೋದರು. ಮಾರನೆಯ ದಿನ ಬಂದು, ಕೆರೆಯಬೇಕಾದರೆ ಮನೆಯೊಳಗಿನ ಸಾಮಾನೆಲ್ಲ ಹೊರಗೆ ಹೋಗಬೇಕು ಎಂದರು. ಆ ದಿನಕ್ಕೆ ಅಷ್ಟೇ ಕೆಲಸ.

ಸಾಮಾನು ಹೊರಗೆ ಬಂತು. ಪೆಟ್ಟಿಗೆ, ಮಂಚ, ಹಾಸಿಗೆಯ ಸುರುಳಿ, ತಾಮ್ರದ ಹಂಡೆ, ಕೊಡಪಾನ, ವರ್ಷಕ್ಕೊಮ್ಮೆಯೂ ಅಟ್ಟದಿಂದ ಇಳಿಯದ ದೊಡ್ಡ ಕೊಳಗಗಳು, ಎಲ್ಲ ಬೀದಿಯಲ್ಲಿ. ಮಾಘದ ಬಿಸಿಲಿಗೆ ಮಂಚದ ಪಾಲಿಶ್ ಹೋಗುತ್ತದೆಂದು ಅಪ್ಪನಿಗೆ ಚಿಂತೆಯಾಯಿತು. ಅದು ಪ್ಲಾನಿನಲ್ಲಿ ಇರಲಿಲ್ಲ. ತಕ್ಷಣ ಹೋಗಿ ಬಿದಿರು, ತೆಂಗಿನ ಗರಿ ಹೇಳಿ ಬಂದರು. ಗರಿಯವರು ಬಂದು ಮನೆಯ ಮುಂದೆ ಕಂಬ ನೆಟ್ಟು ಅಚ್ಚುಕಟ್ಟಾಗಿ ನೆರಳು ಕಟ್ಟಿದರು. ಹೋಗುವಾಗ, ಯಾರೂ ಕೇಳದಿದ್ದರೂ, ಎರಡು ಬಾಳೆಕಂಬ ತಂದು ಮುಂದಿನ ಕಂಬಗಳಿಗೆ ಬಿಗಿದರು. ಅವರ ಕಡೆಯಿಂದ ಹಾಗೆ ಕೊಡುವುದು ಪದ್ಧತಿಯಂತೆ. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಈಗ ಮನೆಗೊಂದು ಕಳೆ ಬಂತು ಎಂದರು.

ನಮ್ಮ ಊರಿನಲ್ಲಿ ಹುಟ್ಟಿ ಬೆಳೆದ ಯಾವ ಮನುಷ್ಯನೂ, ಮಾಘ ಮಾಸದಲ್ಲಿ, ವಯಸ್ಸಿಗೆ ಬಂದ ಮಗಳಿರುವ ಮನೆಯ ಮುಂದೆ, ಗೋಡೆ ಕೆರೆಸಿ, ಅಟ್ಟದ ಕೊಳಗ ಇಳಿಸಿ, ಗರಿಯ ಹಂದರ ಹಾಕಿ, ಬಾಳೆಕಂಬ ಕಟ್ಟಿ, ಆಮೇಲೆ ಮಂಚಕ್ಕೆ ಬಿಸಿಲು ಬೀಳಬಾರದೆಂದು ಕಟ್ಟಿದೆ ಎನ್ನಲಾರ. ಅಪ್ಪನಾದರೆ ಅನ್ನುತ್ತಿದ್ದರು. ಆದರೆ ಅವರನ್ನು ಯಾರೂ ಕೇಳಲೇ ಇಲ್ಲ.

ಕೇಳದಿದ್ದಕ್ಕೆ ಕಾರಣವಿತ್ತು. ನಮ್ಮ ಬೀದಿಯಲ್ಲಿ ಮದುವೆಯ ಮಾತನ್ನು ಮನೆಯವರು ಎಲೆ ಅಡಿಕೆ ಇಟ್ಟು ಹೇಳುವ ತನಕ ಹೊರಗಿನವರು ಬಾಯಿಬಿಟ್ಟು ಕೇಳುವಂತಿಲ್ಲ, ದೃಷ್ಟಿಯಾಗುತ್ತದೆ. ಸುಮ್ಮನೆ ತಿಳಿದುಕೊಂಡು, ತಿಳಿಯದವರಂತೆ ಸಹಾಯ ಮಾಡಬೇಕು. ಎದುರುಮನೆಯ ಕಮಲಕ್ಕ ಈ ಮರ್ಯಾದೆಯನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುವವಳು. ಅವಳು ಅಪ್ಪನನ್ನು ಕೇಳಿದ್ದು ಇಷ್ಟೇ, ಅಷ್ಟು ಸಲ ಹರಿಹರಕ್ಕೆ ಹೋಗುತ್ತೀರಲ್ಲ ಯಾರ ಹತ್ತಿರ ಎಂದು. ಅಪ್ಪ ದ್ರಾಕ್ಷಾಯಣಮ್ಮನ ಅಂಗಡಿಯ ಹೆಸರು ಹೇಳಿ, ತಾಯಿ ಮಾತಿನಲ್ಲಿ ಸ್ವಲ್ಪ ಗಟ್ಟಿ, ಹುಡುಗ ಮಾತ್ರ ಬಹಳ ತಾಳ್ಮೆಯವನು ಎಂದು ತಿಳಿಸಿದರು. ಕಮಲಕ್ಕನಿಗೆ ಅಷ್ಟು ಸಾಕಾಯಿತು.

ಅಕ್ಕನನ್ನು ಕೇಳಲು ಅವಳಿಗೆ ಸಂಕೋಚ. ಬಾವಿಯ ಹತ್ತಿರ ನನ್ನನ್ನು ಹಿಡಿದಳು. “ನಿಮ್ಮಕ್ಕನಿಗೆ ಒಪ್ಪಿಗೆ ಐತೇನೇ?” ಎಂದಳು. ಗೋಡೆಯ ಬಣ್ಣದ ಮಾತೆಂದುಕೊಂಡು, ಅಕ್ಕನಿಗೆ ಅಷ್ಟೇನೂ ಇಷ್ಟವಿಲ್ಲ, ಅಪ್ಪನ ಹಟಕ್ಕೆ ಸುಮ್ಮನಿದ್ದಾಳೆ ಎಂದು ನಾನು ಹೇಳಿದೆ. ಕಮಲಕ್ಕ ನನ್ನ ಗಲ್ಲ ಸವರಿ, ಮೊದಮೊದಲು ಎಲ್ಲರಿಗೂ ಹಾಗೇ, ಆಮೇಲೆ ಹೊಂದಿಕೊಂಡು ಹೋಗುತ್ತದೆ ಎಂದಳು. ಕಮಲಕ್ಕನ ಮನೆಗೂ ಬಣ್ಣ ಹೊಡೆಸುತ್ತಾರೇನೋ ಎಂದುಕೊಂಡು ನಾನು ಕೊಡ ಎತ್ತಿಕೊಂಡು ಬಂದೆ.

ಎರಡು ದಿನ ಕಳೆದು ಬೆಳಿಗ್ಗೆ ಅವ್ವ ಬಾಗಿಲು ತೆರೆದರೆ, ಹಂದರದ ಕೆಳಗೆ ಕಮಲಕ್ಕ, ಜತೆಗೆ ಬೀದಿಯ ಅರ್ಧ ಹೆಂಗಸರು, ಒಬ್ಬೊಬ್ಬರ ಕಂಕುಳಲ್ಲಿ ಒಂದೊಂದು ಶಾವಿಗೆ ಮಣೆ. ಹಿರಿಯರಾದ ಉಚ್ಚೆಂಗೆಮ್ಮ ಆಗಲೇ ನಮ್ಮ ಮಂಚದ ಮೇಲೆ ಕೂತು ಹಿಟ್ಟು ಎಲ್ಲಿ ಎಂದು ಕೇಳುತ್ತಿದ್ದರು. ಮದುವೆಯ ಮನೆಗೆ ಶಾವಿಗೆ ಹೊಸೆಯಲು ಯಾರೂ ಕರೆಸಿಕೊಂಡು ಬರುವುದಿಲ್ಲ, ತಾವೇ ಬರುತ್ತಾರೆ. ಅವ್ವ ಶಾವಿಗೆ ಮಣೆಗಳನ್ನು ನೋಡಿದಳು, ಹಂದರ ನೋಡಿದಳು, ಬಾಳೆಕಂಬ ನೋಡಿದಳು, ಆಮೇಲೆ ಹಸಿರು ಅಂಗೈಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಅಪ್ಪನನ್ನು ನೋಡಿದಳು.

“ಮದುವೆ ಯಾರದು?” ಎಂದಳು.

ಹೆಂಗಸರು ನಕ್ಕರು. ಹೆಣ್ಣಿನ ತಾಯಿ ಹೀಗೆ ಗೊತ್ತಿಲ್ಲದವಳಂತೆ ಆಡುವುದು ಎಷ್ಟು ಚೆಂದ ಎಂದು ಉಚ್ಚೆಂಗೆಮ್ಮ ಎಲ್ಲರಿಗೂ ತೋರಿಸಿದರು. ಮದುವೆಯೇ ಇಲ್ಲ ಎಂದು ಅವ್ವ ಹೇಳಿದಷ್ಟೂ ಅವರಿಗೆ ಸಂತೋಷ ಹೆಚ್ಚಿತು. ಅಪ್ಪ ಹಲ್ಲುಪುಡಿಯ ಬಾಯಲ್ಲೇ ಬಂದು, ಇದು ಬರೀ ಪಡಸಾಲೆಯ ಪ್ಲಾನು ಎಂದರು. ಪಡಸಾಲೆಯಲ್ಲೇ ಮುಹೂರ್ತವಂತೆ ಎಂದು ಹಿಂದಿನವರಿಗೆ ಕಮಲಕ್ಕ ತಿಳಿಸಿದಳು. ಬಂದವರನ್ನು ಬರಿಗೈಲಿ ಕಳಿಸುವುದು ಅವ್ವನಿಂದ ಆಗದ ಮಾತು. ಹಿಟ್ಟು ಕಲಸಿ ಕೊಟ್ಟಳು. ಇಲ್ಲದ ಮದುವೆಗೆ ಸಂಜೆಯವರೆಗೂ ಶಾವಿಗೆ ಹೊಸೆದರು, ಹಾಡನ್ನೂ ಹೇಳಿದರು. ಒಳಗೆ ಮೌಲಾ ಸಾಬರು ಹಾಡಿನ ಲಯಕ್ಕೆ ಸರಿಯಾಗಿ ಗೋಡೆಗೆ ಕುಂಚ ಎಳೆದರು.

ಸಂಜೆ ಹೊತ್ತಿಗೆ ಸುದ್ದಿ ಹಾಲೇಶಪ್ಪನವರಿಗೆ ಮುಟ್ಟಿತು. ನೌಕರಿಯ ವಿಷಯ ಇನ್ನು ಮಾತಾಡುವುದಿಲ್ಲ, ದಂಪತಿಗಳಿಗೆ ಶುಭವಾಗಲಿ ಎಂದು ಶಾಲೆಯ ಜವಾನನ ಬಾಯಲ್ಲಿ ಹೇಳಿ ಕಳಿಸಿದರು. ಅಕ್ಕ ಆವತ್ತು ಊಟ ಮಾಡಲಿಲ್ಲ. ಅಳಲೂ ಇಲ್ಲ. ನೀಲಿ ಸೀರೆ ತೆಗೆದು ಅಪ್ಪನ ಮುಂದೆ ಇಟ್ಟು, “ಇದನ್ನೂ ಹಂದರಕ್ಕೆ ಕಟ್ಟಿಬಿಡ್ರಿ, ಬಿಸಿಲು ತಡೀತೈತೆ” ಎಂದು ಒಳಗೆ ಹೋದಳು.

ಅಪ್ಪ ಕೋಟು ಹಾಕಿಕೊಂಡು ಹಾಲೇಶಪ್ಪನವರ ಮನೆಗೆ ಓಡಿದರು. ಏನು ಮಾತಾಡಿದರೆಂದು ಬಂದ ಮೇಲೆ ಅವರೇ ಹೇಳಿದರು. ಮದುವೆ ಇಲ್ಲ ಎಂದದ್ದಕ್ಕೆ ಹಾಲೇಶಪ್ಪನವರು, ಹಿಂದಿನ ಟೀಚರಿನ ಅಪ್ಪನೂ ಇದೇ ಕುರ್ಚಿಯಲ್ಲಿ ಕೂತು ಇದನ್ನೇ ಹೇಳಿದ್ದ, ಮುಂದಿನ ವಾರ ಲಗ್ನಪತ್ರಿಕೆ ಬಂತು ಎಂದರಂತೆ. ಹಂದರ ಹಾಕಿದ್ದು ಮಂಚಕ್ಕೆ ಎಂದಾಗ, ಒಂದು ಲೋಟ ನೀರು ತರಿಸಿ ಕುಡಿಸಿದರಂತೆ. ಕಡೆಗೆ ಅಪ್ಪ, ಬೇಕಾದರೆ ಹರಿಹರದ ಹುಡುಗನನ್ನೇ ಕೇಳಿ ಎಂದುಬಿಟ್ಟರು. ಅಲ್ಲಿಗೆ ಇದ್ದ ಸ್ವಲ್ಪ ಅನುಮಾನವೂ ಹೋಯಿತು.

ರಾತ್ರಿಯ ರೊಟ್ಟಿ ತಿನ್ನುತ್ತ ಅಪ್ಪ ಹೊಸ ಪ್ಲಾನ್ ಹಾಕಿದರು. ಜನ ಮದುವೆ ಎಂದದ್ದು ಹಂದರ ನೋಡಿ. ಹಂದರ ಕಿತ್ತರೆ ಮದುವೆಯೂ ಹೋಯಿತು. ಇದರಲ್ಲಿ ತಪ್ಪು ಹುಡುಕುವುದು ನಮ್ಮ ಯಾರಿಂದಲೂ ಆಗಲಿಲ್ಲ. ಬೆಳಗಾಗುತ್ತಲೇ ತಾವೇ ಗರಿ ಎಳೆದು ಹಾಕಿದರು, ಬಾಳೆಕಂಬ ಕಿತ್ತು ಎಮ್ಮೆಯ ಮುಂದೆ ಎಸೆದರು, ಮೌಲಾ ಸಾಬರಿಗೆ ಕೆಲಸ ನಿಲ್ಲಿಸಲು ಹೇಳಿದರು. ಮೌಲಾ ಸಾಬರು ಏಣಿಯ ಮೇಲೆ ಕುಂಚ ಎಲ್ಲಿತ್ತೋ ಅಲ್ಲೇ ನಿಲ್ಲಿಸಿ ಇಳಿದರು. ಒಂದೂವರೆ ಗೋಡೆ ಹಸಿರಾಗಿತ್ತು. ಮಾಸಬಾರದೆಂದು ಅಪ್ಪ ಪುಡಿಯನ್ನು ಒಂದಕ್ಕೆ ಎರಡು ಹಾಕಿಸಿದ್ದರಿಂದ ಅದು ಗಿಳಿಯ ಹಸಿರಾಗಿರದೆ ಪಾಚಿಯ ಹಸಿರಾಗಿತ್ತು. ಕೆರೆದು ಉಳಿದ ಸುಣ್ಣ ಅಲ್ಲಲ್ಲಿ ಕೆಳಗಿನಿಂದ ಎದ್ದು ಹುಳುಕಡ್ಡಿಯ ಕಲೆಯಂತೆ ಕಾಣುತ್ತಿತ್ತು.

ಮಧ್ಯಾಹ್ನವಾಗುವುದರೊಳಗೆ ಕಮಲಕ್ಕ ಬಂದಳು. ಈ ಸಲ ಮಣೆ ಇರಲಿಲ್ಲ. ಬಂದವಳೇ ಅವ್ವನ ಎರಡೂ ಕೈ ಹಿಡಿದುಕೊಂಡು ಸುಮ್ಮನೆ ಕೂತಳು. ಹಿಂದೆಯೇ ಉಚ್ಚೆಂಗೆಮ್ಮ, ಅವರ ಹಿಂದೆ ಉಳಿದವರು. ಹಾಕಿದ ಹಂದರ ಲಗ್ನಕ್ಕೆ ಮುಂಚೆ ಕಿತ್ತ ಮನೆಯಲ್ಲಿ ಏನಾಗಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

“ಏನ್ ಕೇಳಿದ್ರಂತೆ? ವಾಚಾ? ಸೈಕಲ್ಲಾ?” ಎಂದರು ಉಚ್ಚೆಂಗೆಮ್ಮ, ಬಹಳ ಮೆಲ್ಲಗೆ.

ಯಾರೂ ಏನೂ ಕೇಳಿಲ್ಲ, ಮದುವೆಯೇ ಇರಲಿಲ್ಲ ಎಂದು ಅವ್ವ ಹೇಳಿದಳು. ಇಂಥ ಹೊತ್ತಿನಲ್ಲೂ ಆ ಮನೆಯವರ ಮಾನ ಕಾಯುತ್ತಾಳಲ್ಲ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಹರಿಹರದವರ ಮೇಲೆ ನಮ್ಮ ಬೀದಿಗೆ ಒಟ್ಟಾಗಿ ಸಿಟ್ಟು ಬಂತು. ಸಂತೆಗೆ ಹೋದವರು, ಗಾಡಿ ಹತ್ತಿದವರು, ಎಲ್ಲರೂ ಆ ಸಿಟ್ಟನ್ನು ಜತೆಗೆ ಒಯ್ದು ಹರಿಹರದ ಬಜಾರಿನಲ್ಲಿ ಇಳಿಸಿ ಬಂದರು. ಅಕ್ಕನ ಸ್ಥಿತಿ ಇನ್ನೂ ಕೆಟ್ಟಿತು. ಮುರಿದ ಸಂಬಂಧವೆಂದರೆ ಮನೆಯವರು ಅವಸರಪಟ್ಟು ಇದೇ ಮಾಘದಲ್ಲಿ ಇನ್ನೊಂದು ಗಂಡು ಹುಡುಕುತ್ತಾರೆ ಎಂದು ಹಾಲೇಶಪ್ಪನವರು ಶಾಲೆಯಲ್ಲಿ ಹೇಳಿದರಂತೆ.

“ಮದುವೆ ಐತೆ ಅಂದ್ರೂ ನೌಕರಿ ಇಲ್ಲ, ಮದುವೆ ಮುರೀತು ಅಂದ್ರೂ ನೌಕರಿ ಇಲ್ಲ” ಎಂದಳು ಅಕ್ಕ. “ಮದುವೆ ಹುಟ್ಟೇ ಇಲ್ಲ ಅಂತ ಯಾರ ಕೈಲಿ ಹೇಳಿಸ್ಲಿ?”

ಅಪ್ಪ ಅದಕ್ಕೊಂದು ಪ್ಲಾನ್ ಹೇಳಲು ಬಾಯಿ ತೆರೆದರು. ಅವ್ವ ಲಟ್ಟಣಿಗೆ ಕೆಳಗಿಟ್ಟು ಅವರ ಕಡೆ ತಿರುಗಿದಳು. ಅಪ್ಪ ಬಾಯಿ ಮುಚ್ಚಿದರು.

ಶಿವರಾತ್ರಿ ಕಳೆಯಿತು. ಹಾಲೇಶಪ್ಪನವರು ಕಟ್ಟುನಿಟ್ಟಿನವರಾದರೂ ಕಠಿಣರಲ್ಲ. ಹುಡುಗಿಯ ಮುಖ ನೋಡಿ ಎರಡು ಸಮಾಧಾನದ ಮಾತು ಹೇಳಬೇಕೆಂದು ಭಾನುವಾರ ಬೆಳಿಗ್ಗೆ ತಾವೇ ಮನೆಗೆ ಬಂದರು. ಪಡಸಾಲೆಯಲ್ಲಿ ಕೂರಿಸಿದೆವು. ಅವರು ಗೋಡೆ ನೋಡಿ, ಕಣ್ಣು ಕೆಳಗೆ ಮಾಡಿಕೊಂಡು, ದೇವರಿದ್ದಾನೆ ಎಂದರು. ಅದು ಮುರಿದ ಮದುವೆಗೋ ಗೋಡೆಗೋ ತಿಳಿಯಲಿಲ್ಲ. ಆ ಜಾಗಕ್ಕೆ ಬೇರೊಬ್ಬಳನ್ನು ನೋಡಿದ್ದೇನೆ, ನಾಳೆ ಬಂದು ಸೇರುತ್ತಾಳೆ ಎಂದು ಶುರುಮಾಡಿದ್ದರು, ಅಷ್ಟರಲ್ಲಿ ಬಾಗಿಲ ಮುಂದೆ ಜಟಕಾ ನಿಂತಿತು.

ಇಳಿದವರು ದಪ್ಪ ಅಂಚಿನ ಇಳಕಲ್ ಸೀರೆಯ ಹೆಂಗಸು. ಬಾಗಿಲಿಗೆ ಬರುವ ಮೊದಲೇ ಮಾತು ಬಂತು. “ಪಂಚಾಕ್ಷರಪ್ಪ ಅನ್ನೋರ ಮನೆ ಇದೇ ಏನ್ರಿ? ನಾನು ಹರಿಹರದ ದ್ರಾಕ್ಷಾಯಣಮ್ಮ.”

ಎದುರುಮನೆಯ ಕಿಟಕಿ ತೆರೆಯಿತು. ಬೀದಿಯ ಉಳಿದ ಕಿಟಕಿಗಳೂ ತೆರೆದವು. ಕಮಲಕ್ಕ ಕಿಟಕಿಯಲ್ಲಿ ನಿಲ್ಲಲಾರದೆ ನಮ್ಮ ಜಗುಲಿಗೇ ಬಂದಳು.

ದ್ರಾಕ್ಷಾಯಣಮ್ಮ ಹೇಳಿದ್ದಿಷ್ಟು. ಮಗನಿಗೆ ಮಾಯಕೊಂಡದಲ್ಲಿ ಹೆಣ್ಣು ಗೊತ್ತುಮಾಡಿದ್ದರು. ನಿನ್ನೆ ಆ ಕಡೆಯವರು ಬಂದು, ನೀವು ದಾವಣಗೆರೆಯಲ್ಲಿ ಹಂದರದ ತನಕ ಹೋಗಿ ಸೈಕಲ್ಲಿಗಾಗಿ ಹೆಣ್ಣು ಬಿಟ್ಟವರಂತೆ, ನಮಗೂ ನಾಳೆ ಹಾಗೇ ಮಾಡುವಿರೇನೋ ಎಂದು ಎದ್ದು ಹೋಗಿದ್ದಾರೆ. ತಾವು ಈ ಮನೆಯ ಹೊಸಿಲು ಮೆಟ್ಟುತ್ತಿರುವುದೇ ಇವತ್ತು.

“ನಿಮ್ಮ ಹೆಣ್ಣು ಯಾರು, ಹೆಂಗೈತೆ, ನಾನು ಕಂಡೇ ಇಲ್ಲ. ಕೇಳಿಲ್ಲ. ಕೇಳೋದೂ ಇಲ್ಲ. ಈ ಮನುಷ್ಯ ನಮ್ಮ ಅಂಗಡ್ಯಾಗೆ ಬಂದು ಪುಡಿ ಮೂಸಿ ನೋಡಿ ಹೋಗ್ತಿದ್ದ, ಅಷ್ಟೇ ನಮ್ಮ ಸಂಬಂಧ.”

ಹಾಲೇಶಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವ್ವನ ಮುಖ ಕೆಂಪಾಯಿತು. ಉತ್ತರ ಕೊಡಲು ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಒಂದು ತಂಬಿಗೆ ನೀರು, ಬೆಲ್ಲದ ಚೂರು ತಂದು ದ್ರಾಕ್ಷಾಯಣಮ್ಮನ ಮುಂದಿಟ್ಟು, ಅವ್ವನನ್ನು ಒಮ್ಮೆ ನೋಡಿದಳು. ಅವ್ವ ನಿಂತಲ್ಲೇ ನಿಂತಳು.

“ಅಮ್ಮಾರೆ, ದಣಿದು ಬಂದೀರಿ, ನೀರು ಕುಡೀರಿ” ಎಂದಳು ಅಕ್ಕ. “ಆಮೇಲೆ ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳ್ರಿ. ಸ್ವಲ್ಪ ಜೋರಾಗಿ. ಇವರು ಶಾಲೆ ಕಮಿಟಿಯೋರು, ಒಂದು ಕಿವಿ ಮಂದ.”

ಹಾಲೇಶಪ್ಪನವರ ಎರಡೂ ಕಿವಿ ಚೆನ್ನಾಗಿದ್ದವು. ಆದರೂ ಅವರು ಒಂದು ಕಿವಿಗೆ ಅಂಗೈ ಹಿಡಿದರು.

ಜಗಳಕ್ಕೆ ಬಂದವರಿಗೆ ಇಂಥ ಉಪಚಾರ ಸಿಕ್ಕಿದರೆ ಏನು ಮಾಡಬೇಕು? ದ್ರಾಕ್ಷಾಯಣಮ್ಮ ನೀರು ಕುಡಿದರು. ಬೆಲ್ಲ ತಿಂದರು. ಆಮೇಲೆ ಮೊದಲಿನಿಂದ ಹೇಳಿದರು. ಎರಡನೆಯ ಸಲ ಹೇಳುವಾಗ ಅವರಿಗೂ ಹುಮ್ಮಸ್ಸು ಬಂತು. ನಡುವೆ ಗೋಡೆಯ ಮೇಲೆ ಕಣ್ಣು ಬಿದ್ದು ಮಾತು ನಿಂತಿತು. ಹತ್ತಿರ ಹೋಗಿ ಬೆರಳಿಂದ ಉಜ್ಜಿ ನೋಡಿದರು. ಇದು ನಮ್ಮ ಅಂಗಡಿಯ ಪುಡಿ ಎಂದು ಯಾರಿಗಾದರೂ ಹೇಳಿದ್ದೀರೇನು ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೆಮ್ಮೆಯಿಂದ, ಎಲ್ಲರಿಗೂ ಹೇಳಿದ್ದೇನೆ ಎಂದರು.

ಅಲ್ಲಿಂದ ಆಕೆಯನ್ನು ತಡೆಯುವವರಿರಲಿಲ್ಲ. ಇಂಥ ಗೋಡೆಯಿರುವ ಮನೆಗೆ ಹೆಣ್ಣು ಕೇಳುವುದಿರಲಿ, ಹಬ್ಬದ ಎಡೆಯನ್ನೂ ಒಯ್ಯುವುದಿಲ್ಲ ಎಂದರು. ಹೆಣ್ಣು ಉದ್ದ ಹೆಚ್ಚಾಯಿತು, ತಮ್ಮ ಮಗನಿಗಿಂತ ಎತ್ತರ. ಬಣ್ಣ ಕಡಿಮೆ. ಮೂಗು ಮುಂದೆ ಹೋಗಿ ನಿಂತಿದೆ. ಅಪ್ಪನ ತಲೆ ಹೀಗಿದ್ದರೆ ಮಗಳದು ಹೇಗಿದ್ದೀತು? ಅಕ್ಕ ಕೈ ಜೋಡಿಸಿಕೊಂಡು, ಗುರುಗಳ ಆಶೀರ್ವಾದ ಕೇಳುವವಳಂತೆ ತಲೆ ಆಡಿಸುತ್ತ ಒಂದೊಂದನ್ನೂ ಕೇಳಿಸಿಕೊಂಡಳು. ಎಲ್ಲಾದರೂ ನಿಲ್ಲುವಂತೆ ಕಂಡರೆ ಇನ್ನೊಂದು ಚೂರು ಬೆಲ್ಲ ಕೊಟ್ಟಳು. ಅವ್ವ ಮಾತ್ರ ಬಾಗಿಲ ಚೌಕಟ್ಟನ್ನು ಎರಡೂ ಕೈಲಿ ಹಿಡಿದುಕೊಂಡಿದ್ದಳು. ಅವಳ ಹಿಡಿತಕ್ಕೆ ಚೌಕಟ್ಟು ಕಿರುಗುಟ್ಟಿದ್ದು ನನಗೆ ಕೇಳಿಸಿತು.

ಹಾಲೇಶಪ್ಪನವರು ಎದ್ದರು. “ಸಾಕ್ರಮ್ಮ, ನಂಬಿದೆ” ಎಂದರು. “ಇಷ್ಟು ಬೈಸಿಕೊಂಡೋರ ಜೊತೆ ಬೀಗತನ ಯಾರೂ ಮಾಡಲ್ಲ. ಗಂಡಿನ ತಾಯೇ ಬಂದು ಇಲ್ಲ ಅಂದ ಮೇಲೆ ಇಲ್ಲ.” ಅಕ್ಕನ ಕಡೆ ತಿರುಗಿ, “ನಾಳೆ ಪ್ರಾರ್ಥನೆಗೆ ಮುಂಚೆ ಬಾರಮ್ಮ. ಆ ಇನ್ನೊಬ್ಬಳಿಗೆ ನಾನೇ ಹೇಳ್ತೀನಿ” ಎಂದರು. ಅಪ್ಪ ಬಾಗಿಲವರೆಗೆ ಹೋಗಿ, ಶಾಲೆಯ ಗೋಡೆಗೂ ಒಂದು ಪ್ಲಾನ್ ಹಾಕಬಹುದು ಎಂದು ಶುರುಮಾಡಿದರು. ಹಾಲೇಶಪ್ಪನವರು ಅದನ್ನು ಮಂದ ಕಿವಿಯ ಕಡೆಯಿಂದ ಕೇಳಿಸಿಕೊಂಡವರಂತೆ ಕೊಡೆ ಬಿಚ್ಚಿ ನಡೆದರು.

ಕಮಲಕ್ಕ ಜಗುಲಿಯ ಕಂಬಕ್ಕೆ ಒರಗಿಕೊಂಡಳು. ದ್ರಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಇಷ್ಟು ಸಮಾಧಾನವಾಗಿ ಮಾತು ಕೇಳುವ ಮನೆಯನ್ನು ತಾವು ನೋಡಿಲ್ಲ, ಇನ್ನು ಹೊರಡುತ್ತೇನೆ ಎಂದರು.

ಅವ್ವ ಬೀದಿಯನ್ನೇ ನೋಡುತ್ತಿದ್ದಳು. ಹಾಲೇಶಪ್ಪನವರ ಕೊಡೆ ಮೆಲ್ಲಗೆ ಹೋಗುತ್ತಿತ್ತು. ದಾರಿಯಲ್ಲಿ ಯಾರೋ ಸಿಕ್ಕರು, ನಿಂತು ಮಾತಾಡಿದರು, ಮತ್ತೆ ಹೊರಟರು. ಕಡೆಗೆ ಕೊಡೆ ಮೂಲೆಯಲ್ಲಿ ತಿರುಗಿ ಮರೆಯಾಯಿತು.

ಅವ್ವ ಚೌಕಟ್ಟು ಬಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಜಟಕಾದ ಕಡೆ ಒಂದು ಕಾಲು ಎತ್ತಿದ್ದ ದ್ರಾಕ್ಷಾಯಣಮ್ಮನ ಮುಂದೆ ಹೋಗಿ ನಿಂತಳು.

“ಕೂಡ್ರಿ, ಹೋಗೀರಂತೆ” ಎಂದಳು. “ಈಗ ಹೇಳ್ರಿ. ನನ್ನ ಮಗಳ ಮೂಗು ಹೆಂಗೈತೆ ಅಂದ್ರಿ?”